ಔರಾಕಿಯ ಬುಡದಲ್ಲಿ ಎರಡು ರಾತ್ರಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್‌ಗೆ ಹೊರಟ ಪ್ರವಾಸಿ ಬಸ್ಸುಗಳು ಟೆಕಪೊ ಸರೋವರದ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆ. ಜನ ಇಳಿದು ಪುಟ್ಟ ಕಲ್ಲಿನ ಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮತ್ತೆ ಬಸ್ಸು ಹತ್ತುತ್ತಾರೆ. ಮುಂದೆ ಪುಕಾಕಿ ಸರೋವರದ ಬಳಿ ಇನ್ನೊಂದು ನಿಲುಗಡೆ. ನೀರಿನಾಚೆ ದೂರದಲ್ಲಿ ಬಿಳಿ ಶಿಖರ ಕಂಡರೆ ಪುಣ್ಯ, ಮೋಡ ಕವಿದಿದ್ದರೆ ಅದೂ ಇಲ್ಲ. ಸಂಜೆಗೆ ಕ್ವೀನ್ಸ್‌ಟೌನ್ ಮುಟ್ಟಿ 'ಮೌಂಟ್ ಕುಕ್ ನೋಡಿದೆವು' ಎಂದು ಬರೆದುಕೊಳ್ಳುವವರೇ ಹೆಚ್ಚು. ಪುಕಾಕಿಯ ಪಕ್ಕದಲ್ಲಿ ಬಲಕ್ಕೆ ಒಡೆಯುವ 80ನೇ ಹೆದ್ದಾರಿ ಹಿಡಿದು 55 ಕಿ.ಮೀ. ಒಳಗೆ ಹೋದರೆ ರಸ್ತೆ ಮುಗಿಯುತ್ತದೆ, ನಿಜವಾದ ಊರು ಶುರುವಾಗುತ್ತದೆ. ಅಲ್ಲಿಗೆ ಹೋಗಿ ಕನಿಷ್ಠ ಎರಡು ರಾತ್ರಿ ತಂಗಬೇಕು, ಕಾಲಲ್ಲಿ ನಡೆದು ನೋಡಬೇಕು. ಇಷ್ಟು ದೂರ ಹಾರಿ ಬಂದವರು ಇದನ್ನು ತಪ್ಪಿಸಿಕೊಳ್ಳಬಾರದು.

ಈ ನಾಡಿನ ಸ್ವಭಾವ ತಿಳಿಯಬೇಕಾದರೆ ಮೊದಲು ಅದರ ಮಳೆಯ ಲೆಕ್ಕ ತಿಳಿಯಬೇಕು. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಆಗುಂಬೆಯಲ್ಲಿ ಸುರಿಯುವ ಮಳೆ ಘಟ್ಟ ದಾಟಿ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಹತ್ತನೇ ಒಂದು ಪಾಲಿಗೆ ಇಳಿಯುವುದಿಲ್ಲವೇ, ಹಾಗೆಯೇ ಇಲ್ಲಿ ದಕ್ಷಿಣ ಆಲ್ಪ್ಸ್ ಪರ್ವತಸಾಲು ಟಾಸ್ಮನ್ ಸಮುದ್ರದಿಂದ ಬೀಸುವ ಪಶ್ಚಿಮದ ಗಾಳಿಯನ್ನು ತಡೆದು ಹಿಂಡುತ್ತದೆ. ಪರ್ವತದ ಬುಡದ ಹಳ್ಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಗಾಡಿಯಲ್ಲಿ ಒಂದೂಕಾಲು ಗಂಟೆ ದೂರದ ಟೆಕಪೊದಲ್ಲಿ 600 ಮಿ.ಮೀ. ಆಸುಪಾಸು. ಹಾಗಾಗಿ ಟೆಕಪೊ, ಪುಕಾಕಿ ಸುತ್ತಲಿನ ಮೆಕೆಂಜಿ ಬಯಲು ಒಣಹುಲ್ಲಿನ ಕಂದು ಬಣ್ಣದ ನಾಡು, ಮರ ಕಡಿಮೆ, ಆಕಾಶ ಶುಭ್ರ. ಅದರ ನೆತ್ತಿಯ ಮೇಲೆ ಮಾತ್ರ ಸದಾ ಹಿಮ.

ಆ ನೆತ್ತಿಯೇ ಔರಾಕಿ ಅಥವಾ ಮೌಂಟ್ ಕುಕ್, ನ್ಯೂಜಿಲೆಂಡಿನ ಅತಿ ಎತ್ತರದ ಶಿಖರ, 3,724 ಮೀಟರ್. ಹಳೆಯ ಪಠ್ಯಪುಸ್ತಕಗಳಲ್ಲಿ 3,764 ಎಂದಿತ್ತು. 1991ರ ಡಿಸೆಂಬರ್ 14ರಂದು ಶಿಖರದ ತುದಿಯೇ ಬಂಡೆ, ಮಂಜುಗಡ್ಡೆ ಸಮೇತ ಕುಸಿದು ಕೆಳಗಿನ ಹಿಮನದಿಗೆ ಬಿತ್ತು. ಉಳಿದ ಹಿಮದ ಟೋಪಿಯೂ ವರ್ಷಗಳುದ್ದಕ್ಕೂ ಸವೆಯಿತು. ಹೊಸದಾಗಿ ಅಳೆದು 2014ರಲ್ಲಿ ಈಗಿನ ಎತ್ತರವನ್ನು ಘೋಷಿಸಿದರು. ದಕ್ಷಿಣ ದ್ವೀಪದ ಮಾವೊರಿ ಬುಡಕಟ್ಟಾದ ನಾಯ್ ಟಾಹು ಜನರಿಗೆ ಇದು ಪೂರ್ವಜ. ಆಕಾಶಪಿತನ ಮಗ ಔರಾಕಿ ತನ್ನ ತಮ್ಮಂದಿರ ಜೊತೆ ದೋಣಿಯಲ್ಲಿ ಬಂದ, ದೋಣಿ ಬಂಡೆಗೆ ಸಿಕ್ಕಿ ಒಂದು ಬದಿಗೆ ವಾಲಿತು, ಮೇಲಿನ ಅಂಚಿಗೆ ಹತ್ತಿ ಕುಳಿತ ಅಣ್ಣತಮ್ಮಂದಿರು ದಕ್ಷಿಣದ ಕುಳಿರ್ಗಾಳಿಗೆ ಕಲ್ಲಾದರು. ದೋಣಿಯೇ ದಕ್ಷಿಣ ದ್ವೀಪ, ಅಣ್ಣತಮ್ಮಂದಿರೇ ಶಿಖರಗಳು, ಎಲ್ಲರಿಗಿಂತ ಎತ್ತರದವನು ಔರಾಕಿ. 1998ರ ಒಪ್ಪಂದದ ಕಾನೂನು ಔರಾಕಿ ಎಂಬ ಹೆಸರನ್ನು ಅಧಿಕೃತವಾಗಿ ಮೌಂಟ್ ಕುಕ್‌ಗಿಂತ ಮೊದಲು ಇರಿಸಿತು. ಶಿಖರ ಏರುವವರು ತುತ್ತತುದಿಯ ಮೇಲೆ ಕಾಲಿಡಬೇಡಿ ಎಂಬುದು ನಾಯ್ ಟಾಹು ಜನರ ಕೋರಿಕೆ. ಕುಮಾರಪರ್ವತಕ್ಕೋ ಮುಳ್ಳಯ್ಯನಗಿರಿಗೋ ಕೈಮುಗಿದು ಹತ್ತುವ ನಮಗೆ ಈ ಕೋರಿಕೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಶಿಖರ ಏರುವುದು ನುರಿತ ಪರ್ವತಾರೋಹಿಗಳ ಕೆಲಸ. 1894ರ ಕ್ರಿಸ್‌ಮಸ್ ದಿನ ಟಾಮ್ ಫೈಫ್, ಜಾರ್ಜ್ ಗ್ರಹಾಂ, ಜ್ಯಾಕ್ ಕ್ಲಾರ್ಕ್ ಎಂಬ ಮೂವರು ಸ್ಥಳೀಯರು ಮೊದಲು ತುದಿ ಮುಟ್ಟಿದರು. 1910ರಲ್ಲಿ ಆಸ್ಟ್ರೇಲಿಯಾದ ಫ್ರೀಡಾ ಡು ಫಾರ್ ಮೊದಲ ಮಹಿಳೆಯಾದರು. ನಮ್ಮಂಥವರಿಗೆ ಕಣಿವೆಯ ಕಾಲುದಾರಿಗಳಿವೆ, ಅವಕ್ಕೆ ಟಿಕೆಟ್ ಇಲ್ಲ. ಹೆಲಿಕಾಪ್ಟರಿಗೆ ಸುರಿಯುವ ಹಣ ಉಳಿಸಿಕೊಂಡರೂ ಈ ಪರ್ವತದ ಮುಕ್ಕಾಲು ಸುಖ ಸಿಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲರೂ ಮೊದಲು ಹಿಡಿಯುವುದು ಹೂಕರ್ ಕಣಿವೆಯ ದಾರಿ. ಹೋಗಿಬರಲು 10 ಕಿ.ಮೀ., ಮೂರು ಗಂಟೆ, ಏರು ಇಲ್ಲವೆನ್ನುವಷ್ಟು ಕಡಿಮೆ. ಅಜ್ಜಿಯರೂ ನಡೆಯುತ್ತಾರೆ, ಮಕ್ಕಳೂ ಓಡುತ್ತಾರೆ. ತೂಗುಸೇತುವೆಯ ನಡುವೆ ನಿಂತು ಕೆಳಗೆ ನೋಡಿದರೆ ನದಿ ಹಾಲು ಬೆರೆಸಿದ ಬೂದುಬಣ್ಣದಲ್ಲಿ ಬೋರ್ಗರೆಯುತ್ತದೆ. ಅದು ಕೊಳಕಲ್ಲ. ಹಿಮನದಿ ತನ್ನ ಭಾರದಿಂದ ಬಂಡೆಯನ್ನು ಅರೆದು ಮಾಡಿದ ಪುಡಿ, ಬೆರಳಲ್ಲಿ ಉಜ್ಜಿದರೆ ರಾಗಿಹಿಟ್ಟಿಗಿಂತ ನುಣ್ಣಗೆ. ಇದೇ ಪುಡಿ ಪುಕಾಕಿ ಸರೋವರಕ್ಕೆ ಇಳಿದು ನೀರಿನಲ್ಲಿ ತೇಲುತ್ತಾ ಬೆಳಕನ್ನು ಚೆದುರಿಸುವುದರಿಂದಲೇ ಅಲ್ಲಿನ ನೀರಿಗೆ ಆ ನಂಬಲಾಗದ ತಿಳಿನೀಲಿ. ದಾರಿಯ ಕೊನೆಗೆ ಹೂಕರ್ ಸರೋವರ, ಮಂಜುಗಡ್ಡೆಯ ತುಂಡುಗಳು, ಎದುರಿಗೆ ಅಡ್ಡಿಯೇ ಇಲ್ಲದೆ ಔರಾಕಿ. ಎರಡನೇ ತೂಗುಸೇತುವೆಯ ಬುಡವನ್ನು ನದಿ ಕೊರೆದದ್ದರಿಂದ 2025ರಲ್ಲಿ ದಾರಿಯ ಮೇಲ್ಭಾಗ ಮುಚ್ಚಿ ಹೊಸ ಸೇತುವೆಯ ಕೆಲಸ ಹಿಡಿದಿದ್ದರು. ಹೋಗುವವರು ದಾರಿ ಎಲ್ಲಿಯವರೆಗೆ ತೆರೆದಿದೆ ಎಂದು ಹಳ್ಳಿಯ ಸಂದರ್ಶಕರ ಕೇಂದ್ರದಲ್ಲಿ ಕೇಳಿಕೊಂಡೇ ಹೊರಡಬೇಕು.

ಕಾಲಿನಲ್ಲಿ ಕಸುವಿದ್ದವರಿಗೆ ಸೀಲಿ ಟಾರ್ನ್ಸ್. ಇಲ್ಲಿ ಏರಲು 2,200 ಮೆಟ್ಟಿಲುಗಳಿವೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಮೂರು ಸಲ ಹತ್ತಿದರೂ ಅಷ್ಟಾಗದು. ಮರದ ಹಲಗೆ ಕೂರಿಸಿ ಜಲ್ಲಿ ತುಂಬಿದ ಮೆಟ್ಟಿಲುಗಳ ಎತ್ತರ ಒಂದೇ ಸಮನಿಲ್ಲ, ಮೊಣಕಾಲಿಗೆ ಇಳಿಯುವಾಗಲೇ ಹೆಚ್ಚು ಪೆಟ್ಟು. ಮೇಲೆ ಪುಟ್ಟ ಕೊಳಗಳು, ಗಾಳಿ ನಿಂತ ಬೆಳಿಗ್ಗೆ ಅವುಗಳಲ್ಲಿ ಶಿಖರದ ಬಿಂಬ. ಅಲ್ಲಿ ಕುಳಿತಾಗ ಎದುರಿನ ಸೆಫ್ಟನ್ ಪರ್ವತದ ಕಡೆಯಿಂದ ಗುಡುಗಿನಂಥ ಸದ್ದು ಬಂದರೆ ಬೆಚ್ಚಬೇಡಿ. ಮಂಜಿನ ಚಪ್ಪಡಿ ಕಳಚಿ ಬೀಳುವುದು ಮೊದಲು ಕಣ್ಣಿಗೆ ಬಿಳಿ ಹುಡಿಯಾಗಿ ಕಾಣುತ್ತದೆ, ಸದ್ದು ಆಮೇಲೆ ಬಂದು ತಲುಪುತ್ತದೆ. ಆ ಒಂದೆರಡು ಕ್ಷಣದ ಅಂತರದಲ್ಲೇ ಆ ಪರ್ವತದ ಗಾತ್ರ ಎಷ್ಟೆಂದು ಗೊತ್ತಾಗುವುದು.

ಇನ್ನೂ ಮೇಲೆ ಹೋದರೆ ಬಂಡೆಗಳ ರಾಶಿ ದಾಟಿ 1,800 ಮೀಟರ್ ಎತ್ತರದಲ್ಲಿ ಮ್ಯುಲರ್ ಹಟ್, ಕೆಂಪು ಬಣ್ಣದ ತಂಗುಮನೆ, 28 ಜನಕ್ಕೆ ಹಾಸಿಗೆ. ಈಗಿನ ಕಟ್ಟಡವನ್ನು 2003ರಲ್ಲಿ ಉದ್ಘಾಟಿಸಿದ್ದು ಎಡ್ಮಂಡ್ ಹಿಲರಿ. ಅದಕ್ಕೆ ಕಾರಣವಿತ್ತು. ಆಕ್ಲೆಂಡ್ ಕಡೆಯ ಜೇನುಸಾಕಣೆಯ ಮನೆತನದ ಹುಡುಗ ಹಿಲರಿ 1939ರಲ್ಲಿ ಮೊದಲ ಬಾರಿ ಹತ್ತಿದ ಗಂಭೀರ ಪರ್ವತ ಈ ಮನೆಯ ಬೆನ್ನಿಗೇ ಇರುವ ಒಲಿವಿಯರ್ ಶಿಖರ, 1,933 ಮೀಟರ್. ಹದಿನಾಲ್ಕು ವರ್ಷದ ಬಳಿಕ ಅವರು ತೇನ್‌ಸಿಂಗ್ ಜೊತೆ ಎವರೆಸ್ಟ್ ಮೇಲಿದ್ದರು. ಮುಳ್ಳಯ್ಯನಗಿರಿಯಷ್ಟೇ ಎತ್ತರದ ಒಂದು ಗುಡ್ಡದಿಂದ ಆ ಬದುಕು ತಿರುಗಿತೆಂಬುದು ನಮ್ಮ ಚಾರಣದ ಹುಡುಗ ಹುಡುಗಿಯರಿಗೆ ಹೇಳಲೇಬೇಕಾದ ಮಾತು.

ಹಳ್ಳಿಯ ಇನ್ನೊಂದು ಮಗ್ಗುಲಿಗೆ ಟಾಸ್ಮನ್ ಕಣಿವೆ. ಟಾಸ್ಮನ್ ಹಿಮನದಿ, ಮಾವೊರಿಗಳ ಹೌಪಾಪಾ, ದೇಶದ ಅತಿ ಉದ್ದದ ಹಿಮನದಿ, ಸುಮಾರು 23 ಕಿ.ಮೀ. ನೋಡುವ ಕಟ್ಟೆಗೆ ಕಾರು ನಿಲ್ಲಿಸಿದಲ್ಲಿಂದ ಹದಿನೈದು ನಿಮಿಷದ ಏರು. ದಾರಿಯಲ್ಲಿ 'ನೀಲಿ ಕೊಳಗಳು' ಎಂಬ ಹೆಸರಿನವು ಸಿಗುತ್ತವೆ, ಅವುಗಳ ನೀರು ಹಸಿರು. ಹಿಮನದಿ ಎತ್ತರವಾಗಿದ್ದ ಕಾಲದಲ್ಲಿ ಅದರ ನೀರು ಒಸರಿ ಬಂದು ಕೊಳಗಳು ನೀಲಿಯಾಗಿದ್ದವು. ಹಿಮನದಿ ತಗ್ಗಿ ಆ ಒಸರು ನಿಂತಿತು, ಈಗ ಬರೀ ಮಳೆನೀರು, ಪಾಚಿ ಬೆಳೆದು ಹಸಿರಾಗಿವೆ.

ಕಟ್ಟೆ ಹತ್ತಿ ನಿಂತವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ, ಹಿಮನದಿ ಎಲ್ಲಿ ಎಂದು. ಕಣ್ಣೆದುರಿಗೆ ಇರುವುದು ಬೂದು ನೀರಿನ ದೊಡ್ಡ ಸರೋವರ, ದೂರದ ತುದಿಯಲ್ಲಿ ಕಲ್ಲುಮಣ್ಣು ಹೊದ್ದ ಕೊಳಕು ಬಿಳಿ ಗೋಡೆ. ಆ ಗೋಡೆಯೇ ಹಿಮನದಿಯ ಮೂತಿ. 1970ರ ದಶಕದ ಆರಂಭದಲ್ಲಿ ಇಲ್ಲಿ ಸರೋವರವೇ ಇರಲಿಲ್ಲ. ಮಂಜಿನ ಮೇಲೆ ಅಲ್ಲಲ್ಲಿ ಗುಂಡಿಗಳಲ್ಲಿ ನೀರು ನಿಂತಿತ್ತು, ಅಷ್ಟೆ. ಗುಂಡಿಗಳು ಕೂಡಿಕೊಂಡವು, 1990ರ ಬಳಿಕ ಬೆಳವಣಿಗೆ ಬಿರುಸಾಯಿತು, ಈಗ ಅಲ್ಲಿ ಇನ್ನೂರು ಮೀಟರಿಗೂ ಮಿಕ್ಕಿದ ಆಳ. ನೀರು ತಾಗಿದಷ್ಟೂ ಮಂಜು ಬೇಗ ಕರಗುತ್ತದೆ, ಅಡಿ ಸವೆದು ಮೇಲಿನ ಗೋಡೆ ಒಡೆದು ಬೀಳುತ್ತದೆ, ಸರೋವರ ಮತ್ತಷ್ಟು ಹಿಗ್ಗುತ್ತದೆ. 2011ರ ಫೆಬ್ರುವರಿ 22ರಂದು ಕ್ರೈಸ್ಟ್‌ಚರ್ಚ್ ನಗರವನ್ನು ಕೆಡವಿದ ಭೂಕಂಪ ಇಲ್ಲಿ ಒಂದೇ ಏಟಿಗೆ ಸುಮಾರು 3 ಕೋಟಿ ಟನ್ ಮಂಜುಗಡ್ಡೆಯನ್ನು ನೀರಿಗೆ ಕೆಡವಿತು. ಸರೋವರದಲ್ಲಿದ್ದ ಪ್ರವಾಸಿ ದೋಣಿಗಳು ಮೂರೂವರೆ ಮೀಟರ್ ಅಲೆಗಳಲ್ಲಿ ತೂಗಾಡಿದವು.

ಆ ದೋಣಿಗಳು ಈಗಲೂ ಸೆಪ್ಟೆಂಬರ್‌ನಿಂದ ಮೇವರೆಗೆ ಓಡುತ್ತವೆ. ಹಣ ಖರ್ಚು ಮಾಡಲೇಬೇಕೆಂದರೆ ನಾನು ಹೇಳುವುದು ಇದಕ್ಕೆ ಮಾಡಿ. ಮಂಜಿನ ಬಂಡೆಯ ಪಕ್ಕ ದೋಣಿ ನಿಲ್ಲಿಸಿ ಒಂದು ಚೂರು ಕೈಗೆ ಕೊಡುತ್ತಾರೆ. ಶತಮಾನಗಳ ಹಿಂದೆ ಬಿದ್ದ ಹಿಮದ ಒತ್ತಡದಲ್ಲಿ ಗಾಳಿಯೆಲ್ಲ ಹೊರಟು ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಹವಾಮಾನ ಬದಲಾವಣೆ ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿದ್ದೇವೆ. ನನ್ನ ವಯಸ್ಸಿಗಿಂತ ಚಿಕ್ಕದಾದ ಒಂದು ಮಹಾಸರೋವರದ ಮೇಲೆ ತೇಲುವಾಗ ಅದು ಭಾಷಣವಾಗಿ ಉಳಿಯುವುದಿಲ್ಲ.

ನಡೆಯುವಾಗ ಜೊತೆಗೆ ಸಿಗುವ ಜೀವಿಗಳ ಬಗ್ಗೆಯೂ ಹೇಳಬೇಕು. ಕಿಯಾ ಎಂಬುದು ಹಿಮಪರ್ವತದಲ್ಲಿ ಬಾಳುವ ಗಿಳಿ, ಹಸಿರು ಮೈ, ರೆಕ್ಕೆಯ ಒಳಗೆ ಕಿತ್ತಳೆ. ಕಾರಿನ ಕಿಟಕಿಯ ರಬ್ಬರನ್ನು ಕೊಕ್ಕಿನಿಂದ ಎಳೆದು ಕೀಳುವುದು ಅದರ ಪ್ರೀತಿಯ ಆಟ. ಅಳಿವಿನ ಅಂಚಿನಲ್ಲಿರುವ ಹಕ್ಕಿ ಅದು, ಎಷ್ಟೇ ಮುದ್ದಾಗಿ ಬಂದು ನಿಂತರೂ ತಿನ್ನಲು ಕೊಡಬಾರದು. ಇನ್ನೊಂದು ಪ್ರಾಣಿ ನಮ್ಮ ಕಡೆಯದೇ. ಬಂಡೆಗಳ ಮೇಲೆ ಕೇಸರದಂಥ ಕೂದಲು ಹಾರಿಸುತ್ತ ನಿಂತ ಹಿಮಾಲಯದ ಟಾರ್, ನೀಲಗಿರಿಯ ವರೆಯಾಡಿನ ದೂರದ ನೆಂಟ. 1904ರಲ್ಲಿ ಬೇಟೆಯ ಸುಖಕ್ಕಾಗಿ ಇಂಗ್ಲೆಂಡಿನ ಶ್ರೀಮಂತರೊಬ್ಬರು ಕಳಿಸಿದ್ದನ್ನು ಇಲ್ಲಿ ಬಿಟ್ಟರು. ಹಿಮಚಿರತೆಯಂಥ ವೈರಿಗಳಿಲ್ಲದ ನಾಡಿನಲ್ಲಿ ಸಂತತಿ ಉಕ್ಕಿ ಹರಿಯಿತು. ಮೇಯುವ ಸಸ್ತನಿಯನ್ನೇ ಕಂಡರಿಯದ ಪರ್ವತದ ಸಸ್ಯಗಳು, ಮೌಂಟ್ ಕುಕ್ ಲಿಲಿ ಎಂದು ಕರೆಯುವ ಅಗಲ ಎಲೆಯ ಬಿಳಿ ಹೂಗಿಡವೂ ಸೇರಿ, ಅದಕ್ಕೆ ಮೇವಾದವು. ಈಗ ಸರ್ಕಾರವೇ ಟಾರ್‌ಗಳನ್ನು ಕೊಂದು ಸಂಖ್ಯೆ ಇಳಿಸುತ್ತದೆ. ಹಿಮಾಲಯದಲ್ಲಿ ಕಾಪಾಡಬೇಕಾದ ಜೀವ ಇಲ್ಲಿ ಪಿಡುಗು. ತಪ್ಪು ಟಾರ್‌ನದಂತೂ ಅಲ್ಲ.

ಟೆಕಪೊ ದಂಡೆಯ ಬಣ್ಣಬಣ್ಣದ ಲುಪಿನ್ ಹೂಗಳ ಕತೆಯೂ ಇಂಥದ್ದೇ. ನವೆಂಬರ್, ಡಿಸೆಂಬರಿನಲ್ಲಿ ಎಲ್ಲರ ಫೋಟೊಗಳಲ್ಲೂ ಅವೇ. ಆದರೆ ನದಿಯ ಜಲ್ಲಿಹಾಸನ್ನು ಅವು ಆಕ್ರಮಿಸಿದರೆ ಅಲ್ಲಿ ಬಯಲಲ್ಲೇ ಮೊಟ್ಟೆಯಿಡುವ ಹಕ್ಕಿಗಳಿಗೆ ಜಾಗವಿಲ್ಲ. ಕಾಕೀ ಎಂಬ ಕಪ್ಪು ಮೆಟ್ಟುಗಾಲು ಹಕ್ಕಿ 1981ರಲ್ಲಿ ಬರೀ 23 ಉಳಿದಿದ್ದವು. ಟ್ವೈಜಲ್ ಪಟ್ಟಣದಲ್ಲಿ ಮರಿ ಮಾಡಿಸಿ ನದಿಗೆ ಬಿಡುವ ಕೆಲಸ ಅಂದಿನಿಂದ ನಡೆದು, ಇಂದು ಆ ಜೀವ ಉಳಿದಿದೆ.

ರಾತ್ರಿ ತಂಗಬೇಕೆಂದು ಒತ್ತಾಯಿಸಲು ದೊಡ್ಡ ಕಾರಣ ಆಕಾಶ. 2012ರಲ್ಲಿ ಈ ಬಯಲು ಮತ್ತು ಪರ್ವತದ 4,300 ಚದರ ಕಿ.ಮೀ.ಗೂ ಹೆಚ್ಚು ಪ್ರದೇಶಕ್ಕೆ ಅಂತರರಾಷ್ಟ್ರೀಯ ಕತ್ತಲ ಆಗಸದ ಮೀಸಲು ಎಂಬ ಮಾನ್ಯತೆ ಸಿಕ್ಕಿತು. 1980ರ ದಶಕದ ಆರಂಭದಿಂದಲೇ ಇಲ್ಲಿ ಬೀದಿದೀಪಗಳಿಗೆ ಮೇಲ್ಮುಚ್ಚಳ ಕಡ್ಡಾಯ, ಬೆಳಕು ನೆಲಕ್ಕೇ ಬೀಳಬೇಕು. ಟೆಕಪೊ ಪಕ್ಕದ ಮೌಂಟ್ ಜಾನ್ ಗುಡ್ಡದ ಮೇಲೆ 1965ರಿಂದ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ವೀಕ್ಷಣಾಲಯವಿದೆ. ಅಲ್ಲಿನ 1.8 ಮೀಟರ್ ದೂರದರ್ಶಕದಿಂದ ಜಪಾನ್ ಮತ್ತು ನ್ಯೂಜಿಲೆಂಡಿನ ವಿಜ್ಞಾನಿಗಳು ದೂರದ ನಕ್ಷತ್ರಗಳ ಗ್ರಹಗಳನ್ನು ಹುಡುಕುತ್ತಾರೆ. ರಾತ್ರಿ ಪ್ರವಾಸಿಗರನ್ನೂ ಕರೆದೊಯ್ಯುವ ವ್ಯವಸ್ಥೆ ಇದೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಲ್ಲೂ ಇಂಥದ್ದೇ ಮೀಸಲು ಈಚೆಗೆ ಆಗಿದೆಯೆಂಬುದು ಸಂತೋಷದ ಸಂಗತಿ.

ಕರ್ನಾಟಕದಲ್ಲಿ ಬೇಸಿಗೆಯ ರಾತ್ರಿ ದಕ್ಷಿಣದ ಅಂಚಿನಲ್ಲಿ ಕೆಲ ಹೊತ್ತು ತಲೆಯೆತ್ತಿ ಮುಳುಗುವ ತ್ರಿಶಂಕು ಇಲ್ಲಿ ಮುಳುಗುವುದೇ ಇಲ್ಲ, ವರ್ಷವಿಡೀ ಆಕಾಶದಲ್ಲಿ ಸುತ್ತುತ್ತದೆ. ಧ್ರುವ ನಕ್ಷತ್ರ ಎಂದೂ ಕಾಣದು. ಡಿಸೆಂಬರಿನ ಮಹಾವ್ಯಾಧ ತಲೆಕೆಳಗಾಗಿ ನಿಂತಿರುತ್ತಾನೆ. ನಮ್ಮಲ್ಲಿ ಕಾಣುವುದೇ ಕಷ್ಟವಾದ ಎರಡು ಮೆಜೆಲಾನಿಕ್ ಮೇಘಗಳು, ನಮ್ಮದಲ್ಲದ ಬೇರೆ ನಕ್ಷತ್ರಕೂಟಗಳು, ಬರಿಗಣ್ಣಿಗೇ ಬಿಳಿ ತೇಪೆಗಳಂತೆ ತೋರುತ್ತವೆ. ಬೆಳದಿಂಗಳಿಲ್ಲದ ವಾರ ನೋಡಿ ಟಿಕೆಟ್ ಮಾಡಿಸುವುದು ಒಳ್ಳೆಯದು.

ಬಸ್ಸಿನವರು ಫೋಟೊ ತೆಗೆಸಿಕೊಳ್ಳುವ ಟೆಕಪೊದ ಆ ಚರ್ಚು 1935ರದ್ದು. ಒಳಗೆ ಪೂಜಾಸ್ಥಾನದ ಹಿಂದೆ ಚಿತ್ರವಿಲ್ಲ, ಸರೋವರ ಕಾಣುವ ಕಿಟಕಿಯಿದೆ, ಒಳಗೆ ಫೋಟೊ ತೆಗೆಯುವಂತಿಲ್ಲ. ಪಕ್ಕದ ಕಂಚಿನ ನಾಯಿ ಕುರಿ ಕಾಯುವ ಎಲ್ಲ ನಾಯಿಗಳ ಗೌರವಕ್ಕೆ 1968ರಲ್ಲಿ ನಿಲ್ಲಿಸಿದ್ದು. ಬಯಲಿಗೆ ಹೆಸರು ಬಂದದ್ದು ಜೇಮ್ಸ್ ಮೆಕೆಂಜಿಯಿಂದ. 1855ರಲ್ಲಿ ಸಾವಿರ ಕುರಿಗಳೊಡನೆ ಸಿಕ್ಕಿಬಿದ್ದು ಶಿಕ್ಷೆಗೊಳಗಾಗಿ, ಮರುವರ್ಷವೇ ಕ್ಷಮೆ ಪಡೆದ ಸ್ಕಾಟ್ಲೆಂಡಿನ ಕುರಿಗಾಹಿ ಅವನು.

ಹೊರಡುವವರಿಗೆ ಒಂದಷ್ಟು ಮಾತು. ಡಿಸೆಂಬರ್‌ನಿಂದ ಫೆಬ್ರುವರಿ ಅಲ್ಲಿ ಬೇಸಿಗೆ, ಕಾಲುದಾರಿಗಳಿಗೆ ಅದೇ ಸಕಾಲ, ಮ್ಯುಲರ್ ಹಟ್‌ಗೆ ತಿಂಗಳುಗಳ ಮೊದಲೇ ಕಾದಿರಿಸಬೇಕು. ಕ್ರೈಸ್ಟ್‌ಚರ್ಚ್‌ನಿಂದ ಸುಮಾರು 330 ಕಿ.ಮೀ., ನಾಲ್ಕು ಗಂಟೆ, ನಮ್ಮಲ್ಲಿಯಂತೆ ಎಡಬದಿಯ ಸಂಚಾರ. ದಿನಸಿಯನ್ನು ಟೆಕಪೊ ಅಥವಾ ಟ್ವೈಜಲ್‌ನಲ್ಲೇ ಕೊಂಡು ಹೋಗಿ. ಸಸ್ಯಾಹಾರಿಗಳು ಅಡುಗೆಮನೆಯಿರುವ ತಂಗುದಾಣ ಹಿಡಿಯುವುದು ಕ್ಷೇಮ. ಮನೆಯಿಂದ ತಂದ ಚಟ್ನಿಪುಡಿ, ಉಪ್ಪಿನಕಾಯಿ, ಮಣ್ಣು ಮೆತ್ತಿದ ಚಾರಣದ ಬೂಟು, ಎಲ್ಲವನ್ನೂ ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು, ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ಭಾರತೀಯರಿಗೆ ವೀಸಾ ಬೇಕು, ಅದರ ಜೊತೆ 2024ರ ಅಕ್ಟೋಬರ್‌ನಿಂದ 100 ಡಾಲರ್ ಪ್ರವಾಸಿ ಶುಲ್ಕವೂ ಇದೆ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ ಎಂದು ಯಾರಿಗಾದರೂ ಹೇಳಿ ಹೊರಡಿ. ಈ ರಾಷ್ಟ್ರೀಯ ಉದ್ಯಾನದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡಿದ್ದಾರೆ, ಅವರ ನೆನಪಿನ ಪುಸ್ತಕಗಳು ಸಂದರ್ಶಕರ ಕೇಂದ್ರದಲ್ಲಿವೆ. ಎರಡು ನಿಮಿಷ ನಿಂತು ಪುಟ ತಿರುವಿದವರು ಹವಾಮಾನದ ಸೂಚನೆಯನ್ನು ಹಗುರವಾಗಿ ನೋಡಲಾರರು.

ವಾಯವ್ಯದ ಗಾಳಿ ಹಿಡಿದು ಹಳ್ಳಿಯಲ್ಲಿ ಮಳೆ ಕೂತಿತೆಂದರೆ ಕೋಣೆಯಲ್ಲಿ ಕೊರಗಬೇಕಿಲ್ಲ. ಟ್ವೈಜಲ್‌ಗೆ ಇಳಿಯಿರಿ, ಮಳೆನೆರಳಿನ ಬಯಲಲ್ಲಿ ಅದೇ ಹೊತ್ತಿಗೆ ಬಿಸಿಲಿರುವ ಸಾಧ್ಯತೆ ಹೆಚ್ಚು. ಔರಾಕಿಯ ಬುಡದಿಂದ ಓಮರು ಕಡಲತೀರದವರೆಗೆ 300 ಕಿ.ಮೀ.ಯಷ್ಟು ಸಾಗುವ 'ಆಲ್ಪ್ಸ್ ಟು ಓಷನ್' ಸೈಕಲ್ ದಾರಿ ಆ ಪಟ್ಟಣದ ಮೂಲಕವೇ ಹೋಗುತ್ತದೆ. ಬಾಡಿಗೆಗೆ ಸೈಕಲ್ ಸಿಗುತ್ತದೆ, ಪುಕಾಕಿ ದಂಡೆಯ ಒಂದು ತುಂಡನ್ನು ಅರ್ಧ ದಿನದಲ್ಲಿ ಆರಾಮವಾಗಿ ತುಳಿಯಬಹುದು.