ಪರದೆಯ ತಪ್ಪೋ, ಚಿತ್ರದ ತಪ್ಪೋ?

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಸೇಡಂನ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ವಿದ್ಯಾರ್ಥಿಯೊಬ್ಬ ಅಳುಮೋರೆ ಹೊತ್ತು ನಿಂತಿದ್ದ. ಶಹಾಬಾದಿನವನು; ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರವನ್ನು ಹಾದು ನಿತ್ಯ ಬರುವವನು. ತಂದೆಗೆ ಕಲ್ಲುಗಣಿಯಲ್ಲಿ ಕೂಲಿ. ಅವರು ಎರಡು ವರ್ಷ ಕೂಡಿಟ್ಟ ಹಣದಿಂದ ಕೊಂಡ ಹಳೆಯ ಲ್ಯಾಪ್‌ಟಾಪಿನ ಪರದೆಯ ಮೇಲೆ ಹಸಿರು, ನೇರಿಳೆ ಬಣ್ಣದ ಚೌಕಗಳೆದ್ದು ಕುಣಿಯುತ್ತಿದ್ದವು. ಪ್ರಬಂಧ ಒಪ್ಪಿಸಲು ನಾಲ್ಕೇ ದಿನ ಉಳಿದಿತ್ತು. ದುರಸ್ತಿ ಅಂಗಡಿಯವನದು ಒಂದೇ ತೀರ್ಪು: “ಪರದೆ ಹೋಗ್ಯದ, ಹೊಸಾದು ಹಾಕ್ಬೇಕು. ಆರು ಸಾವಿರ.”

“ಅಪ್ಪಗ ಹ್ಯಾಂಗ ಹೇಳ್ಲಿರಿ ಸರ್?” ಎಂದ ಹುಡುಗ.

ನಾನು ಕನ್ನಡ ಎಂ.ಎ. ಓದಿದವನು, ಯಂತ್ರವಿದ್ಯೆ ನನ್ನದಲ್ಲ. ಆದರೆ ಹಳೆಯ ಕಾವ್ಯದಲ್ಲಿ ಅಪಪಾಠ ಕಂಡಾಗ ಅದು ಕವಿಯದೋ, ಪ್ರತಿ ಮಾಡಿದವನದೋ ಎಂದು ಮೊದಲು ಕೇಳಬೇಕೆಂಬುದನ್ನು ಬಲ್ಲೆ. ಅದಕ್ಕೆ ಉಪಾಯ, ಇನ್ನೊಂದು ಪ್ರತಿಯನ್ನು ತೆಗೆದು ನೋಡುವುದು. ಪರದೆಯ ವಿಷಯದಲ್ಲಿಯೂ ನ್ಯಾಯ ಅದೇ ಅಲ್ಲವೆ? ಹುಡುಗನ ಯಂತ್ರವನ್ನು ತರಗತಿಯ ಪ್ರೊಜೆಕ್ಟರಿಗೆ ತಂತಿಯಿಂದ ಜೋಡಿಸಿದೆವು. ಗೋಡೆಯ ಮೇಲೂ ಅವೇ ಚೌಕಗಳು ಮೂಡಿದವು! ಅಂದಮೇಲೆ ಪರದೆ ನಿರಪರಾಧಿ. ತಪ್ಪು ಚಿತ್ರವನ್ನು ರಚಿಸುವ ಒಳಗಿನ ಭಾಗದಲ್ಲಿದೆ. ಗೋಡೆಯ ಚಿತ್ರ ಶುದ್ಧವಾಗಿದ್ದರೆ ಪರದೆಯನ್ನೋ ಅದಕ್ಕೆ ಹೋಗುವ ತಂತಿಯನ್ನೋ ಶಂಕಿಸಬೇಕಾಗುತ್ತಿತ್ತು.

ಪರದೆಯ ಈ ತಂಟೆ ನಮ್ಮ ಸೀಮೆಗೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂತು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಸುಮಾರು 36,000 ಕಿಲೋಮೀಟರು ಎತ್ತರದ ಅಮೆರಿಕದ ಉಪಗ್ರಹದಿಂದ ಬಂದ ಚಿತ್ರವನ್ನು ಮೂರು ಮೀಟರು ಅಗಲದ ತಂತಿಬಲೆಯ ಬೋಗುಣಿಗಳು ಹಿಡಿಯುತ್ತಿದ್ದವು. 1977ರಲ್ಲಿ ಗುಲ್ಬರ್ಗಾದಲ್ಲಿಯೇ ಪ್ರಸಾರ ಕೇಂದ್ರವಾಯಿತು. ಬೆಂಗಳೂರಿಗೆ ಆ ಭಾಗ್ಯ ಬಂದುದು 1981ರಲ್ಲಿ! ಈ ಮಾತನ್ನು ಬೆಂಗಳೂರಿನ ಮಿತ್ರರಿಗೆ ಹೇಳುವ ಅವಕಾಶವನ್ನು ನಾನೆಂದೂ ಬಿಟ್ಟವನಲ್ಲ.

ಆ ಬಳಿಕದ ಕಾಲದಲ್ಲಿ ತಂದೆಯವರು ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ “ಬಂತೇನು?” ಎಂದು ಕೂಗುವರು, ಕೆಳಗಿನಿಂದ ನಾವು “ಇನ್ನಷ್ಟು ತಿರುಗಿಸ್ರಿ!” ಎನ್ನುವೆವು. ಪರದೆಯಲ್ಲಿ ಒಬ್ಬ ಗಾಯಕನ ಪಕ್ಕದಲ್ಲಿ ಮಸುಕಾದ ಇನ್ನೊಬ್ಬ! ಇದು ಭೂತಚೇಷ್ಟೆಯಲ್ಲ. ನೇರವಾಗಿ ಬಂದ ಅಲೆಯ ಜೊತೆಗೆ ಗುಡ್ಡಕ್ಕೋ ದೊಡ್ಡ ಕಟ್ಟಡಕ್ಕೋ ಬಡಿದು ಬಂದ ಅಲೆಯೂ ಸೇರುತ್ತಿತ್ತು. ಅದು ಒಂದು ಕಿಲೋಮೀಟರು ಹೆಚ್ಚು ಸುತ್ತಿ ಬಂದರೆ ಸೆಕೆಂಡಿನ ಹತ್ತು ಲಕ್ಷದ ಮೂರು ಪಾಲಿನಷ್ಟು ತಡವಾಗುತ್ತದೆ. ಅಷ್ಟಕ್ಕೇ 40 ಸೆಂಟಿಮೀಟರು ಅಗಲದ ಪರದೆಯಲ್ಲಿ ಎರಡನೆಯ ಗಾಯಕ ಸುಮಾರು ಎರಡೂವರೆ ಸೆಂಟಿಮೀಟರು ಬಲಕ್ಕೆ ನಿಲ್ಲುತ್ತಿದ್ದ.

ಈಗಿನ ಪ್ರಸಾರ ಅಂಕಿಗಳಲ್ಲಿ ಬರುವುದರಿಂದ ನೆರಳೂ ಇಲ್ಲ, ಹಿಮವೂ ಇಲ್ಲ. ಕೊನೆಯ ತನಕ ಶುದ್ಧ ಚಿತ್ರ, ಆಮೇಲೆ ಒಮ್ಮೆಲೇ ಚೂರುಚೂರು. ಚಿಂಚೋಳಿಯಲ್ಲಿರುವ ನಮ್ಮ ಸೋದರತ್ತೆಯ ಮನೆಯಲ್ಲಿ ಮಳೆ ಹೊಯ್ದಾಗ ಧಾರಾವಾಹಿಯ ನಾಯಕಿಯ ಮುಖ ಹಾಸುಗಲ್ಲಿನಂತೆ ತುಂಡಾಗುತ್ತದೆ. ದಟ್ಟ ಮಳೆ ಅಲೆಯನ್ನು ಕುಗ್ಗಿಸಿದ್ದರ ಫಲವದು. ಅತ್ತೆಯವರು ಹೊಸ ಟಿ.ವಿ. ಕೊಳ್ಳಬೇಕೆಂದು ಹಟ ಹಿಡಿದಾಗ ನಾನು ಟಿ.ವಿ.ಯ ಸ್ವಂತ ಮೆನುವನ್ನು ತೆರೆದು ತೋರಿಸಿದೆ. ಅದು ಟಿ.ವಿ.ಯೇ ಬರೆಯುವ ಚಿತ್ರ. ಅದರ ಅಕ್ಷರಗಳು ಮುತ್ತಿನಂತಿದ್ದವು. ಪರದೆಗೆ ರೋಗವಿದ್ದರೆ ಮೆನುವಿಗೂ ಅಂಟಬೇಕಿತ್ತು.

ಪರದೆಯೇ ಅಪರಾಧಿಯಾಗಿರುವ ಪ್ರಸಂಗಗಳೂ ಇಲ್ಲದಿಲ್ಲ. ಸಾಮಾನ್ಯವಾದ 1920×1080 ಅಳತೆಯ ಪರದೆಯಲ್ಲಿ 20,73,600 ಚುಕ್ಕಿಗಳಿವೆ. ಒಂದೆರಡು ಸತ್ತರೆ ಸಹಿಸಿಕೊಳ್ಳಬಹುದು. ಏನು ತೋರಿಸಿದರೂ ಒಂದೇ ಜಾಗದಲ್ಲಿ ನಿಲ್ಲುವ ಉದ್ದಗೆರೆಯು ಹೆಚ್ಚಾಗಿ ಪರದೆಯ ಅಂಚಿನ ಬೆಸುಗೆ ಕೆಟ್ಟುದರ ಗುರುತು. ಮನೆಯಲ್ಲಿ ಅದಕ್ಕೆ ಮದ್ದಿಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿದಾಗ ಗೆರೆ ಬಂದು ಹೋಗುವುದಾದರೆ, ಕೀಲಿನೊಳಗೆ ಹಾದುಹೋಗುವ ತಂತಿಯನ್ನು ನೋಡಿಸಬೇಕು. ಹಿಂಬದಿಯನ್ನು ಬಿಚ್ಚುವ ಸಾಹಸವನ್ನು ಮಾತ್ರ ಯಾರೂ ಮಾಡಕೂಡದು. ಹಳೆಯ ಟಿ.ವಿ.ಗಳಲ್ಲಂತೂ ಪ್ಲಗ್ಗು ಕಿತ್ತ ಮೇಲೂ ಪ್ರಾಣಾಂತಿಕ ವಿದ್ಯುತ್ತು ಉಳಿದಿರುತ್ತದೆ.

ಇನ್ನು ಆ ಹುಡುಗನ ಯಂತ್ರ. ತಣ್ಣಗಿದ್ದಾಗ ಹತ್ತು ನಿಮಿಷ ಸರಿಯಾಗಿದ್ದು, ಕಾದ ಕೂಡಲೇ ಚೌಕಗಳನ್ನೆಬ್ಬಿಸುತ್ತಿತ್ತು. ಚಿತ್ರ ರಚಿಸುವ ಚಿಪ್ಪು ಅತಿಯಾಗಿ ಕಾದರೆ ಲೆಕ್ಕ ತಪ್ಪುತ್ತದೆ. ಆ ತಪ್ಪೇ ಬಣ್ಣದ ಚೌಕವಾಗಿ ಕಾಣುತ್ತದೆ. ನಮ್ಮಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ವಾಡಿಕೆ. ಮೇಲೆ ಸಿಮೆಂಟಿನ, ಕಲ್ಲುಗಣಿಯ ಧೂಳು. ಅವನನ್ನು ಬೇರೊಂದು ಅಂಗಡಿಗೆ ಕಳಿಸಿ, “ಪರದೆ ಮುಟ್ಟಬೇಡಿ, ಫ್ಯಾನು ಬಿಚ್ಚಿ ನೋಡಿ” ಎಂದು ಚೀಟಿ ಬರೆದುಕೊಟ್ಟೆ.

ಮರುದಿನ ಹುಡುಗ ನಗುತ್ತ ಬಂದ. ಶುಚಿ ಮಾಡಿ, ಚಿಪ್ಪಿಗೆ ಹೊಸ ಲೇಪ ಹಚ್ಚಿದ್ದಕ್ಕೆ ನಾನೂರು ರೂಪಾಯಿ. ಚಿಪ್ಪು ಸುಟ್ಟುಹೋಗಿರದದ್ದು ಅವನ ಪುಣ್ಯ. ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಬೂದುಬಣ್ಣದ ಒಂದು ಹಿಡಿ ಧೂಳು.

“ಅಪ್ಪ ನೋಡಿ ಗುರ್ತ ಹಿಡದ್ರು ಸರ್. ‘ನಮ್ಮ ಗಣೀದೇ’ ಅಂದ್ರು.”