ಹಳೆಯ ಮನೆ ಬಿಚ್ಚುವ ಮುನ್ನ

ಕಳೆದ ಬೇಸಿಗೆಯಲ್ಲಿ ಅಜ್ಜಂಪುರ ಸಮೀಪದ ಗ್ರಾಮವೊಂದರ ರೈತರೊಬ್ಬರು ಒಣಕೆಮ್ಮಿನ ಬಾಧೆಯಿಂದ ನನ್ನ ಚಿಕಿತ್ಸಾಲಯಕ್ಕೆ ಬಂದರು. ಜ್ವರವಿಲ್ಲ, ಕಫವಿಲ್ಲ, ಆದರೆ ಮೂರು ವಾರಗಳಿಂದ ನಿದ್ರೆಯೂ ಇಲ್ಲ. ವಿಚಾರಿಸಲಾಗಿ, ಅಜ್ಜನ ಕಾಲದ ಮಾಳಿಗೆ ಮನೆಯನ್ನು ದುರಸ್ತಿಗಾಗಿ ಆಳುಗಳೊಡನೆ ತಾವೇ ನಿಂತು ಬಿಚ್ಚಿಸುತ್ತಿದ್ದರೆಂದು ತಿಳಿಯಿತು. “ಒಳಗೆ ಏನೇನೋ ಸಿಕ್ತು ಡಾಕ್ಟ್ರೇ, ನಮಗೇ ಗುರುತು ಹತ್ತಲಿಲ್ಲ” ಎಂದು ಕಾಗದದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಎರಡು ಚೂರುಗಳಿದ್ದವು.

ಒಂದು ಬಿಳಿಯ, ಕಲ್ಲಿನಷ್ಟು ಗಟ್ಟಿಯಾದ ಗಾರೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳಿನೊಡನೆ ಗಾಣದಲ್ಲಿ ಅರೆದು ಸಿದ್ಧಪಡಿಸುತ್ತಿದ್ದ ವಸ್ತುವಿದು. ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಇದಕ್ಕೆ ಬೆರೆಸುವ ಪದ್ಧತಿ ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿತ್ತು. ವೈದ್ಯನಾದ ನನಗೆ ಅಳಲೆಕಾಯಿ ತ್ರಿಫಲೆಯಲ್ಲೊಂದು. ಸುಣ್ಣದ ತಿಳಿನೀರು ನಮ್ಮ ಶಾಸ್ತ್ರದ ಚೂರ್ಣೋದಕ. ಗೋಡೆಗೆ ಬಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಕ್ಷಾರಗುಣದ ಕಾರಣ ಅದರ ಮೇಲೆ ಬೂಷ್ಟು ಸುಲಭವಾಗಿ ಹಿಡಿಯದು. ಮಣ್ಣಿನ ಗೋಡೆಯ ತೇವವೂ ಅದರ ಮೂಲಕ ಹೊರಹೋಗುತ್ತದೆ. ಇಂತಹ ಗೋಡೆಗೆ ಸಿಮೆಂಟು ಮೆತ್ತಿದರೆ ತೇವವು ಒಳಗೇ ನಿಂತು, ಬುಡದಲ್ಲಿ ಬೂಷ್ಟು ಬೆಳೆದು, ಮನೆಯ ಮಕ್ಕಳಿಗೆ ಉಬ್ಬಸದ ಉಪದ್ರವ ಹೆಚ್ಚುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಸುಸ್ಥಿತಿಯಲ್ಲಿರುವ ಗಾರೆಯನ್ನು ಕೀಳಬಾರದೆಂಬುದೇ ನನ್ನ ಅಭಿಪ್ರಾಯ.

ಇನ್ನೊಂದು ಚೂರು ಬೂದುಬಣ್ಣದ್ದು. ಮುರಿದ ಅಂಚಿನಲ್ಲಿ ನವಿರಾದ ನಾರುಗಳು ಚಾಚಿಕೊಂಡಿದ್ದವು. ಕಡೂರು, ಅಜ್ಜಂಪುರಗಳ ಬಯಲುಸೀಮೆಯಲ್ಲಿ ಮಾಳಿಗೆ ಮನೆಗಳು ಹೆಚ್ಚು. ತರೀಕೆರೆಯನ್ನು ದಾಟಿ ಮಲೆನಾಡಿನತ್ತ ಸಾಗಿದಂತೆ ಹಂಚಿನ ಮನೆಗಳು. ಮಾಳಿಗೆ ಸೋರತೊಡಗಿದಾಗ, ಹಂಚು ಒಡೆದಾಗ, ಕೊಟ್ಟಿಗೆ ಕಟ್ಟಿದಾಗ ಎಲ್ಲೆಡೆ ಹೊದಿಸಿದ್ದು ಒಂದೇ: ‘ಸಿಮೆಂಟ್ ಶೀಟು’. ಹೆಸರು ಸಿಮೆಂಟಿನದಾದರೂ ಒಳಗೆ ಬಿಗಿ ಕೊಡುವುದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಹೆಸರಿನಿಂದಲೇ ಜನ ಮೋಸಹೋಗಿದ್ದಾರೆ.

ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. 50ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟುಗಳ ಮಾರಾಟ ಇನ್ನೂ ನಡೆದಿದೆ. ಕಲ್ನಾರು ಕಾರ್ಮಿಕರ ಆರೋಗ್ಯರಕ್ಷಣೆಯ ಕುರಿತು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪು ನೀಡಿತ್ತು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಈ ನಾರು ಶ್ವಾಸಕೋಶದ ಆಳಕ್ಕಿಳಿದರೆ ಕರಗದು. ರೋಗ ಪ್ರಕಟವಾಗಲು 20ರಿಂದ 40 ವರ್ಷ ಹಿಡಿಯಬಹುದು. ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು.

ಶ್ವಾಸರೋಗದ ಕಾರಣಗಳಲ್ಲಿ ಧೂಳು, ಹೊಗೆಗಳನ್ನು ಚರಕ ಸಂಹಿತೆ ಎಣಿಸಿದೆ. ಮಣ್ಣಿನ ಧೂಳಿನಿಂದ ಬಂದ ಕೆಮ್ಮಿಗೆ ಸಿತೋಪಲಾದಿ ಚೂರ್ಣವನ್ನು ಜೇನಿನೊಡನೆ ಕೊಟ್ಟು ಶಮನ ಮಾಡಬಹುದು. ಕಲ್ನಾರನ್ನು ಶ್ವಾಸಕೋಶದಿಂದ ಹೊರಹಾಕುವ ಕಷಾಯ ಮಾತ್ರ ಯಾವ ವೈದ್ಯರ ಬಳಿಯೂ ಇಲ್ಲ.

ಹಾಗೆಂದು ಗಾಬರಿಪಡುವುದೂ ಸಲ್ಲದು. ಅಪಾಯವು ಒಳಹೋದ ಧೂಳಿನ ಪ್ರಮಾಣವನ್ನು ಅವಲಂಬಿಸಿದೆ. ಬಿರುಕಿಲ್ಲದ ಶೀಟು ಮಾಡಿನ ಮೇಲೆ ಇದ್ದಲ್ಲಿಯೇ ಇದ್ದರೆ ನಾರು ಬಿಡುವುದು ಕಡಿಮೆ. ಕೇಡೆಲ್ಲವೂ ಒಡೆಯುವಾಗ, ಕೊಯ್ಯುವಾಗ, ಉಜ್ಜುವಾಗ. ತೆಗೆಯಲೇಬೇಕಾದರೆ ಮೊದಲು ನೀರು ಚಿಮುಕಿಸಿ ಚೆನ್ನಾಗಿ ತೋಯಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಇಳಿಸಬೇಕು. ಸುತ್ತಿಗೆ ಏಟು ಕೂಡದು. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೂರುಗಳನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಬೇಕು. ಬಾಯಿಗೆ ಸುತ್ತಿದ ಟವಲು ಈ ನಾರನ್ನು ತಡೆಯದು. ಮಕ್ಕಳು, ಬಸುರಿಯರು ಅತ್ತ ಸುಳಿಯಬಾರದು. ಒಡೆದ ಚೂರುಗಳನ್ನು ತಿಪ್ಪೆಗೂ ತೋಟದ ದಾರಿಗೂ ಸುರಿಯುವ ರೂಢಿ ನಮ್ಮ ಕಡೆ ಇದೆ. ಚಕ್ರಗಳ ಅಡಿಯಲ್ಲಿ ಅವು ವರ್ಷಗಟ್ಟಲೆ ಪುಡಿಯಾಗುತ್ತಲೇ ಇರುತ್ತವೆ.

ಹಳೆಯ ಬಾಗಿಲು, ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ.

ಆ ರೈತರ ಕೆಮ್ಮು ಹದಿನೈದು ದಿನಗಳಲ್ಲಿ ಇಳಿಯಿತು. ಎದೆಯ ಎಕ್ಸ್‌ರೇಯಲ್ಲಿ ದೋಷ ಕಾಣಲಿಲ್ಲ. ಗಾರೆಯ ಗೋಡೆಗಳನ್ನು ಉಳಿಸಿಕೊಂಡಿದ್ದಾರೆ. ಬೀಡಿ ಬಿಟ್ಟಿರಾ ಎಂದು ಕೇಳಿದೆ. ಅವರು ಸುಮ್ಮನಿದ್ದರು, ಪಕ್ಕದಲ್ಲಿದ್ದ ಅವರ ಮನೆಯವರು ನಕ್ಕರು.