ಶಾರ್ಡೊನೆಯ ಬಡ ಸೋದರ

ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನು ಊರಿಗೆಲ್ಲ ಬೇಕಾದವನಾಗುತ್ತಾನೆ. ಇನ್ನೊಬ್ಬನ ಹೆಸರು ಪಕ್ಕದ ಬೀದಿಯವರಿಗೂ ತಿಳಿದಿರುವುದಿಲ್ಲ. ದ್ರಾಕ್ಷಿಯ ಬಳ್ಳಿಗಳಲ್ಲಿಯೂ ಹೀಗೆಯೇ ನಡೆಯುವುದುಂಟು. ಮದ್ಯವನ್ನು ಮುಟ್ಟದ ವಾಚಕರೂ ಈ ಬಳ್ಳಿಯ ಕತೆಯನ್ನು ಕೇಳಬಹುದು.

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತವು ಬಿಳಿಯ ದ್ರಾಕ್ಷಾಮದ್ಯಕ್ಕೆ ಪ್ರಸಿದ್ಧ. ಆ ಕೀರ್ತಿಯೆಲ್ಲ ಶಾರ್ಡೊನೆ ಎಂಬ ತಳಿಯದು. ಅದೇ ನೆಲದಲ್ಲಿ ಅಲಿಗೊಟೆ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯೂ ಬೆಳೆಯುತ್ತದೆ, ಬೆಲೆಯಲ್ಲಿ ಅಗ್ಗ. 1999ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆಯಿಂದ ಒಂದು ಸಂಗತಿ ತಿಳಿದುಬಂದಿತು: ಇವೆರಡೂ ಒಡಹುಟ್ಟುಗಳು. ಪಿನೋ ಎಂಬ ಕುಲೀನ ತಳಿ ಮತ್ತು ಗುವೇ ಬ್ಲಾಂ ಎಂಬ ರೈತಾಪಿ ಬಳ್ಳಿ, ಇವೇ ಎರಡಕ್ಕೂ ಹೆತ್ತವರು.

ಹಾಗಿದ್ದರೆ ಅಂತರವೆಲ್ಲಿಂದ ಬಂತು? ಒಳ್ಳೆಯ ಇಳಿಜಾರುಗಳೆಲ್ಲ ಶಾರ್ಡೊನೆಯ ಪಾಲಾದುವು. ಅಲಿಗೊಟೆಗೆ ಹೆಚ್ಚಾಗಿ ದಕ್ಕಿದ್ದು ಗುಡ್ಡದ ನೆತ್ತಿ, ಇಲ್ಲವೆ ತಗ್ಗಿನ ಹೊಲ. ಧಾರಾಳವಾಗಿ ಕಾಯಿ ಬಿಡುವ ಬಳ್ಳಿಯಿದು. ಅಂಕೆಯಿಲ್ಲದೆ ಬಿಡಗೊಟ್ಟರೆ ರಸ ನೀರಾಗಿ ಬರಿಯ ಹುಳಿ ಉಳಿಯುತ್ತದೆ.

ರುಚಿ ನೋಡುವವರು ಇದನ್ನು ಚೆನ್ನಾಗಿ ತಣಿಸಿಕೊಳ್ಳಬೇಕು. ಬಣ್ಣ ತಿಳಿಹಳದಿ. ಮೂಗಿಗೆ ನಿಂಬೆ ಮತ್ತು ಹಸಿರು ಸೇಬಿನ ವಾಸನೆ. ನಾಲಗೆಗೆ ಮೊದಲು ತಾಕುವುದು ಹುಳಿ, ಆಮೇಲೆ ಬಾಯಿ ಶುಚಿಯಾದಂಥ ಅನುಭವ. ಹುರಿದ ಕಾಣೆ ಮೀನಿನ ಮೇಲೆ ನಿಂಬೆ ಹಿಂಡಿ ತಿನ್ನುವ ನಮ್ಮ ಕರಾವಳಿಯವರಿಗೆ ಇದರ ಗುಣ ಬೇಗ ತಿಳಿದೀತು.

ಈ ಹುಳಿಯನ್ನು ತಗ್ಗಿಸಲು ಬರ್ಗಂಡಿಯ ಜನರು ಕಪ್ಪು ಕರಂಟ್ ಹಣ್ಣಿನ ಸಿಹಿಮದ್ಯವನ್ನು ಬೆರೆಸುತ್ತ ಬಂದರು. 1945ರಿಂದ 1968ರ ವರೆಗೆ ದಿಜೋನ್ ನಗರದ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕೀರ್ ಅತಿಥಿಗಳಿಗೆಲ್ಲ ಇದನ್ನೇ ಕೊಡುತ್ತಿದ್ದರು. ಪಾನೀಯಕ್ಕೆ ಕೀರ್ ಎಂಬ ಹೆಸರೇ ನಿಂತಿತು. ಅಲಿಗೊಟೆಯ ಹೆಸರು ಅಲ್ಲಿಯೂ ಹಿಂದೆ ಉಳಿಯಿತು.

ಆದರೆ ಬುಜೆರಾನ್ ಎಂಬ ಪುಟ್ಟ ಹಳ್ಳಿಯವರು ಈ ಬಳ್ಳಿಗೆ ಒಳ್ಳೆಯ ಇಳಿಜಾರನ್ನೇ ಕೊಟ್ಟು, ಫಸಲನ್ನು ಮಿತಿಯಲ್ಲಿಟ್ಟರು. ಅತ್ಯಂತ ದುಬಾರಿಯಾದ ರೊಮಾನೇ-ಕೊಂಟಿ ಮದ್ಯದ ತೋಟವನ್ನು ದೀರ್ಘಕಾಲ ನಡೆಸಿದ ಓಬೇರ್ ದ ವಿಲೇನ್ ಅವರೂ ತಮ್ಮ ಸ್ವಂತ ತೋಟಕ್ಕೆ ಆರಿಸಿಕೊಂಡದ್ದು ಈ ಹಳ್ಳಿಯನ್ನೇ. 1998ರಲ್ಲಿ ಅಲಿಗೊಟೆಗೆಂದೇ ಹಳ್ಳಿಯ ಹೆಸರಿನ ಅಧಿಕೃತ ಮನ್ನಣೆ ದೊರೆಯಿತು.

ಬಳ್ಳಿ ಹಳೆಯದೇ, ಬದಲಾದುದು ಅದಕ್ಕೆ ಸಿಕ್ಕಿದ ನೆಲ ಮತ್ತು ಆರೈಕೆ. ಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.